ಕಪಿಲೆಯಿಂದ ಕಾವೇರಿಗೆ: ಬೆಂಗಳೂರು ನಾಗರತ್ನಮ್ಮನವರ ತಿರುವೈಯಾರು

ಪುಷ್ಯ ಮಾಸದ ಬಹುಳ ಪಂಚಮಿ ಹತ್ತಿರ ಬಂತೆಂದರೆ ಹೊರನಾಡಿನ ನಮ್ಮ ಸಂಘಗಳ ಸಭಾಂಗಣಗಳಲ್ಲಿ ಒಂದು ಬಗೆಯ ಸಡಗರ ಮೊದಲಾಗುತ್ತದೆ. ಮುಂಬಯಿಯಾಗಲಿ, ಪುಣೆಯಾಗಲಿ, ಚೆನ್ನೈ, ಹೈದರಾಬಾದು, ದೆಹಲಿಗಳಾಗಲಿ, ನೋಟ ಹೆಚ್ಚುಕಡಿಮೆ ಒಂದೇ. ಭಾನುವಾರದ ಬೆಳಿಗ್ಗೆ ಕೆಲವರು ಮುಂಚಿತವಾಗಿಯೇ ಬಂದು ಜಮಖಾನ ಹಾಸುತ್ತಾರೆ. ಕೆಲವರು ತ್ಯಾಗರಾಜರ ಪಟಕ್ಕೆ ಹೂವು ಕಟ್ಟುತ್ತಾರೆ. ಒಳಗಿನ ಕೋಣೆಯಲ್ಲಿ ಉಪ್ಪಿಟ್ಟು, ಕೇಸರಿಬಾತು ಸಿದ್ಧವಾಗುತ್ತಿರುತ್ತವೆ. ಬ್ಯಾಂಕಿನಿಂದ ನಿವೃತ್ತರಾದವರು, ಮೊಮ್ಮಕ್ಕಳನ್ನು ಶಾಲೆಗೆ ಬಿಟ್ಟು ಬರುವುದೇ ದಿನಚರಿಯಾಗಿರುವ ಅಜ್ಜಿಯರು, ಪರೀಕ್ಷೆಯ ಭಯದ ನಡುವೆಯೂ ಬಂದ ಶಾಲಾ ಬಾಲಕಿಯರು ಒಂದೇ ಸಾಲಿನಲ್ಲಿ ಕುಳಿತು, ಕಣ್ಣಿಗೆ ತುಸು ದೂರ ಹಿಡಿದ ಪುಸ್ತಕದಲ್ಲಿ ನಾಟ ರಾಗದ ಕೃತಿಯ ಪುಟ ಹುಡುಕುತ್ತಾರೆ. ಶ್ರುತಿ ಸೇರಿದ ಮೇಲೆ ಯಾರ ವಯಸ್ಸು ಎಷ್ಟೆಂಬುದು ಯಾರ ನೆನಪಿನಲ್ಲೂ ಉಳಿಯುವುದಿಲ್ಲ. ಅಲ್ಲಿಂದ ಹತ್ತು ದಿನಕ್ಕೆ, ಪುಷ್ಯ ಬಹುಳ ಅಮಾವಾಸ್ಯೆಯಂದು ಪುರಂದರದಾಸರ ಪುಣ್ಯದಿನ. ಅದೇ ಜಮಖಾನ, ಅದೇ ಕೈಗಳು, ಅದೇ ಕಂಠಗಳು ಮತ್ತೊಮ್ಮೆ ಸೇರುತ್ತವೆ. ತಮ್ಮ ‘ಪ್ರಹ್ಲಾದ ಭಕ್ತಿ ವಿಜಯ’ದ ಆರಂಭದಲ್ಲಿ ಪುರಂದರದಾಸರನ್ನು ಸ್ಮರಿಸಿದ ತ್ಯಾಗರಾಜರಿಗೆ ಈ ನೆರೆಹೊರೆ ಪ್ರಿಯವಾಗಿಯೇ ಇದ್ದೀತು.

ಈ ಗೋಷ್ಠಿಗಾಯನವನ್ನು ನಾವು ಎಷ್ಟು ಸಹಜವಾಗಿ ಸ್ವೀಕರಿಸಿದ್ದೇವೆಂದರೆ, ಅದು ಅನಾದಿಯಿಂದಲೂ ಹೀಗೆಯೇ ನಡೆದು ಬಂದಿದೆ ಎಂದು ಭಾವಿಸಿಬಿಟ್ಟಿದ್ದೇವೆ. ವಾಸ್ತವದಲ್ಲಿ ಗಂಡಸರೂ ಹೆಂಗಸರೂ ಕೂಡಿ ಕುಳಿತು ಪಂಚರತ್ನ ಕೃತಿಗಳನ್ನು ಒಂದೇ ದನಿಯಲ್ಲಿ ಹಾಡುವ ಈ ಪದ್ಧತಿ ತ್ಯಾಗರಾಜರ ಕಾಲದ್ದಲ್ಲ, ಅವರ ಶಿಷ್ಯರ ಕಾಲದ್ದೂ ಅಲ್ಲ. ಅದು ರೂಪುಗೊಂಡದ್ದು 1940ರ ದಶಕದ ಮೊದಲ ವರ್ಷಗಳಲ್ಲಿ. ಅದರ ಹಿಂದೆ ಮೂರು ದಶಕಗಳ ಜಗಳವಿದೆ. ಆ ಜಗಳದ ನಡುವೆ ಒಬ್ಬ ಕನ್ನಡತಿ ಇದ್ದಾರೆ. ನಂಜನಗೂಡಿನಲ್ಲಿ ಹುಟ್ಟಿ, ಮದರಾಸಿನಲ್ಲಿ ಬಾಳಿ, ತಿರುವೈಯಾರಿನಲ್ಲಿ ಮಣ್ಣಾದ ಬೆಂಗಳೂರು ನಾಗರತ್ನಮ್ಮನವರು ಅವರು. ಸಮುದಾಯದ ಸೇವೆ, ಸಂಗೀತ, ಮತ್ತು ಮನಸ್ಸಿಗೆ ಮುಪ್ಪು ಬಾರದಂತೆ ಬದುಕುವುದು, ಈ ಮೂರನ್ನೂ ನಾವು ಸಾಮಾನ್ಯವಾಗಿ ನಿರಪಾಯದ, ಎಲ್ಲರೂ ತಲೆದೂಗುವ ವಿಷಯಗಳೆಂದು ತಿಳಿಯುತ್ತೇವೆ. ನಾಗರತ್ನಮ್ಮನವರ ಚರಿತ್ರೆ ಬೇರೆಯದನ್ನು ಹೇಳುತ್ತದೆ. ಸೇವೆ ಮಾಡುವುದಕ್ಕೂ ಹಕ್ಕು ಬೇಕು, ಆ ಹಕ್ಕಿಗಾಗಿ ಕೆಲವೊಮ್ಮೆ ಹೋರಾಡಬೇಕು ಎಂಬುದೇ ಅದು.

ಕತೆಯನ್ನು ಸಮಾಧಿಯಿಂದಲೇ ಆರಂಭಿಸಬೇಕು. ತ್ಯಾಗರಾಜರು ದೇಹ ಬಿಟ್ಟದ್ದು 1847ರ ಜನವರಿ 6ರಂದು. ಕೊನೆಯ ದಿನಗಳಲ್ಲಿ ಅವರು ಸಂನ್ಯಾಸ ಸ್ವೀಕರಿಸಿದ್ದರಿಂದ ತಿರುವೈಯಾರಿನ ಕಾವೇರಿ ದಂಡೆಯಲ್ಲಿ ಅವರಿಗೆ ಸಮಾಧಿಯಾಯಿತು. ಮಗಳೊಬ್ಬಳ ಮೂಲಕ ಬಂದ ಮೊಮ್ಮಗ ಸಂತಾನವಿಲ್ಲದೆ ತೀರಿಕೊಂಡುದರಿಂದ ನೇರ ವಂಶ ಅಲ್ಲಿಗೇ ನಿಂತಿತು. ಉಂಛವೃತ್ತಿಯಿಂದ ದೊರೆತ ಅಕ್ಕಿಯಲ್ಲಿ ಶಿಷ್ಯರನ್ನೂ ಸಂಸಾರವನ್ನೂ ಸಾಕಿದ ಆ ಮಹನೀಯರು ಆಸ್ತಿಯನ್ನೇನೂ ಬಿಟ್ಟಿರಲಿಲ್ಲ. ಬಿಟ್ಟದ್ದು ಕೃತಿಗಳನ್ನು, ಮತ್ತು ಅವನ್ನು ಕಂಠದಲ್ಲಿ ಹೊತ್ತು ದಿಕ್ಕುದಿಕ್ಕಿಗೆ ಚದುರಿದ ಶಿಷ್ಯರನ್ನು. ಆ ಶಿಷ್ಯರು ಗುರುವಿನ ತಿಥಿಯನ್ನು ತಂತಮ್ಮ ಮನೆಗಳಲ್ಲಿಯೇ ಆಚರಿಸುತ್ತಿದ್ದರು. ನದಿಯ ದಂಡೆಯ ಸಮಾಧಿ ಗಿಡಗಂಟಿಗಳ ನಡುವೆ ಮರೆಯಾಗುತ್ತ ಬಂತು.

ಅದನ್ನು ಮೊದಲು ಎತ್ತಿ ನಿಲ್ಲಿಸಿದವರು ಉಮಯಾಳಪುರದ ಕೃಷ್ಣ ಭಾಗವತರು ಮತ್ತು ಸುಂದರ ಭಾಗವತರು. ಇಬ್ಬರೂ ತ್ಯಾಗರಾಜರಿಂದಲೇ ನೇರವಾಗಿ ಪಾಠ ಹೇಳಿಸಿಕೊಂಡವರು. ಅವರು ಸಮಾಧಿಯ ಜೀರ್ಣೋದ್ಧಾರ ಮಾಡಿಸಿದ್ದು 1903ರಲ್ಲಿ, ಎಂದರೆ ಗುರು ತೀರಿಕೊಂಡು 56 ವರ್ಷಗಳಾದ ಮೇಲೆ. ಬಾಲ್ಯದಲ್ಲಿ ಗುರುವಿನ ಎದುರು ಕುಳಿತಿದ್ದವರು ಹಣ್ಣುಹಣ್ಣು ಮುದುಕರಾಗಿ ಬಂದು, ಗುರುವಿನ ಜಾಗವನ್ನು ಹುಡುಕಿ ಶುಚಿಗೊಳಿಸಿ, ಗುರುತಿಗೊಂದು ಕಲ್ಲು ನೆಟ್ಟರು. ಮುಂದೆ ನಡೆದ ಎಲ್ಲ ಸ್ವಯಂಸೇವೆಗೂ ಈ ಇಬ್ಬರು ವೃದ್ಧರ ಕೆಲಸವೇ ಮೇಲ್ಪಂಕ್ತಿ.

ಆದರೆ ಸೇವೆ ಇದ್ದ ಕಡೆ ಸ್ಪರ್ಧೆಯೂ ಹುಟ್ಟುತ್ತದೆ. ಕೆಲವು ವರ್ಷಗಳಲ್ಲಿ ಆರಾಧನೆ ತಿರುವೈಯಾರಿನಲ್ಲಿಯೇ ಸಾರ್ವಜನಿಕವಾಗಿ ನಡೆಯತೊಡಗಿತು. ತಿಲ್ಲೈಸ್ಥಾನದ ಸಹೋದರರಾದ ನರಸಿಂಹ ಭಾಗವತರು ಮತ್ತು ಪಂಜು ಭಾಗವತರು ಅದರಲ್ಲಿ ಮುಂದಾಳುಗಳಾಗಿದ್ದರು. ಭಿನ್ನಾಭಿಪ್ರಾಯ ತಲೆದೋರಿತು; ಪಕ್ಷಗಳು ಎರಡಾದವು. ತಮಿಳಿನಲ್ಲಿ ಒಂದನ್ನು ‘ಪೆರಿಯ ಕಟ್ಚಿ’, ಇನ್ನೊಂದನ್ನು ‘ಚಿನ್ನ ಕಟ್ಚಿ’ ಎಂದರು, ಎಂದರೆ ದೊಡ್ಡ ಪಕ್ಷ ಮತ್ತು ಚಿಕ್ಕ ಪಕ್ಷ. ಒಬ್ಬನೇ ಸಂತ, ಒಂದೇ ತಿಥಿ, ಎರಡು ಉತ್ಸವ. ಸಂಘ ಸಂಸ್ಥೆಗಳಲ್ಲಿ ಪಳಗಿದ ನಮಗೆ ಈ ದೃಶ್ಯ ತೀರ ಅಪರಿಚಿತವೇನಲ್ಲ. ವಿವಾದ ಏನೇ ಇರಲಿ, ಎರಡೂ ಪಕ್ಷಗಳು ಒಂದು ವಿಷಯದಲ್ಲಿ ಒಮ್ಮತದಿಂದ ಇದ್ದವು: ಸಮಾಧಿಯ ಮುಂದೆ ಹೆಂಗಸರು ಹಾಡುವಂತಿಲ್ಲ.

ಇತ್ತ ನಾಗರತ್ನಮ್ಮನವರು ಹುಟ್ಟಿದ್ದು 1878ರ ನವೆಂಬರ್ 3ರಂದು, ಕಪಿಲಾ ತೀರದ ನಂಜನಗೂಡಿನಲ್ಲಿ. ತಾಯಿ ಪುಟ್ಟಲಕ್ಷ್ಮಿ ದೇವದಾಸಿ ಮನೆತನದವರು, ತಂದೆ ವಕೀಲರು. ತಂದೆಯ ಆಸರೆ ಮಗುವಿಗೆ ಬಹುಕಾಲ ಸಿಗಲಿಲ್ಲ. ತಾಯಿ ಮಗಳನ್ನು ಕರೆದುಕೊಂಡು ಮೈಸೂರಿಗೆ ಹೋಗಿ ಗಿರಿಭಟ್ಟ ತಿಮ್ಮಯ್ಯನವರಲ್ಲಿ ಸಂಸ್ಕೃತ ಪಾಠಕ್ಕೆ ಸೇರಿಸಿದರು. ಕೆಲಕಾಲದ ಮೇಲೆ ಆ ಆಶ್ರಯವೂ ತಪ್ಪಿತು. ಪಿಟೀಲು ವಾದಕರಾಗಿದ್ದ ಬಂಧು ವೆಂಕಟಸ್ವಾಮಿ ಅಪ್ಪನವರು ಆ ಮೇಲೆ ದಿಕ್ಕಾದರು. ಬೆಂಗಳೂರಿನಲ್ಲಿ ಸಂಗೀತ ಕಲಿಸಿದ ಮುನಿಸ್ವಾಮಪ್ಪನವರು ತ್ಯಾಗರಾಜರ ಶಿಷ್ಯ ಪರಂಪರೆಗೆ ಸೇರಿದವರು. ಹೀಗೆ ಮುಂದೆ ತನ್ನ ಇಡೀ ಬದುಕನ್ನು ಯಾರ ಪಾದದಲ್ಲಿ ಇರಿಸಬೇಕಾಗಿತ್ತೋ ಆ ಗುರುವಿನ ಧಾರೆ, ಈ ಬಾಲಕಿಗೆ ಬೆಂಗಳೂರಿನಲ್ಲಿಯೇ ಒದಗಿತ್ತು. ಹದಿನೈದು ತುಂಬುವ ಮೊದಲೇ ತಾಯಿ ತೀರಿಕೊಂಡರು. ಅನಂತರದ ಬದುಕನ್ನು ಕಟ್ಟಿಕೊಟ್ಟದ್ದು ವಿದ್ಯೆ ಮಾತ್ರ. ಕನ್ನಡ, ತೆಲುಗು, ಸಂಸ್ಕೃತ, ತಮಿಳು ಭಾಷೆಗಳ ಪರಿಚಯ, ಗಾಯನ, ನೃತ್ಯ, ಕೆಲಕಾಲದಲ್ಲೇ ಮೈಸೂರು ಅರಮನೆಯ ಮನ್ನಣೆ, ಇವೆಲ್ಲವೂ ಬಹಳ ಎಳೆಯ ವಯಸ್ಸಿನಲ್ಲಿ ಕೂಡಿಬಂದವು. ಬೆಂಗಳೂರಿನಲ್ಲಿ ಅವರಿಗೆ ಪೋಷಕರಾಗಿದ್ದವರು ಮೈಸೂರು ಸಂಸ್ಥಾನದ ನ್ಯಾಯಾಧೀಶ ನರಹರಿರಾಯರು. ಬೆಂಗಳೂರಿನ ನರಹರಿರಾಯನ ಗುಡ್ಡ ಇಂದಿಗೂ ಅವರ ಹೆಸರನ್ನೇ ಹೊತ್ತಿದೆ.

ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ನಾಗರತ್ನಮ್ಮನವರು ಮದರಾಸಿಗೆ ಹೋಗಿ ನೆಲೆಸಿದರು. ಅಂದಿನ ಮದರಾಸು ದಕ್ಷಿಣದ ಕಲಾವಿದರೆಲ್ಲರ ಭಾಗ್ಯಪರೀಕ್ಷೆಯ ಊರು. ಹೊಟ್ಟೆಪಾಡಿಗಾಗಿ, ಹೆಸರಿಗಾಗಿ ಊರು ಬಿಟ್ಟ ನಮ್ಮಂಥವರಿಗೆ ಈ ಪ್ರಯಾಣ ಅರ್ಥವಾಗದೇ ಇರದು. ಅಲ್ಲಿ ಅವರು ಪಡೆದ ಯಶಸ್ಸು ಸಾಮಾನ್ಯವಾದದ್ದಲ್ಲ. ಮದರಾಸಿನಲ್ಲಿ ಆದಾಯ ತೆರಿಗೆ ಕಟ್ಟಿದ ಮೊದಲ ಕಲಾವಿದೆ ಅವರೇ ಎಂಬ ಮಾತು ಇಂದಿಗೂ ಪ್ರಚಲಿತವಾಗಿದೆ. ತಮಿಳರು ಪ್ರೀತಿಯಿಂದ ‘ನಾಗರತ್ನಮ್ಮಾಳ್’ ಎಂದರು. ಆದರೂ ಹೆಸರಿನ ಮುಂದಿನ ‘ಬೆಂಗಳೂರು’ ಕೊನೆಯವರೆಗೂ ಅಳಿಯಲಿಲ್ಲ. ಹೆಸರಿನ ಮುಂದೆ ಊರನ್ನು ಹೊತ್ತುಕೊಂಡು ಬೇರೊಂದು ಊರಿಗಾಗಿ ದುಡಿಯುವುದು ಹೊರನಾಡಿಗರ ಹಣೆಬರಹವೂ ಹೌದು, ಹಿರಿಮೆಯೂ ಹೌದು.

ಅವರ ಸ್ವಭಾವದ ಗಟ್ಟಿತನವನ್ನು ತೋರಿಸುವ ಪ್ರಸಂಗವೊಂದು ಈ ಕಾಲದ್ದು. ಹದಿನೆಂಟನೆಯ ಶತಮಾನದಲ್ಲಿ ತಂಜಾವೂರಿನ ಪ್ರತಾಪಸಿಂಹನ ಆಸ್ಥಾನದಲ್ಲಿದ್ದ ಮುದ್ದುಪಳನಿ ಎಂಬ ಕವಯಿತ್ರಿ ‘ರಾಧಿಕಾ ಸಾಂತ್ವನಮು’ ಎಂಬ ತೆಲುಗು ಶೃಂಗಾರ ಕಾವ್ಯವನ್ನು ರಚಿಸಿದ್ದಳು. ಅಚ್ಚಾಗಿದ್ದ ಪ್ರತಿಯಲ್ಲಿ ಪದ್ಯಗಳು ಕೈಬಿಟ್ಟು ಹೋಗಿದ್ದವು, ಪೀಠಿಕೆಯೂ ಉಳಿದಿರಲಿಲ್ಲ. ನಾಗರತ್ನಮ್ಮನವರು ಹಸ್ತಪ್ರತಿಯನ್ನು ಹುಡುಕಿ, ಹೋಲಿಸಿ, 1910ರಲ್ಲಿ ಪೂರ್ಣ ಪಾಠವನ್ನು ಪ್ರಕಟಿಸಿದರು. ಕಂದುಕೂರಿ ವೀರೇಶಲಿಂಗಂ ಅವರಂಥ ಸುಧಾರಕರೇ ಆ ಕಾವ್ಯವನ್ನು ಹೆಂಗಸು ಬರೆಯಬಾರದ ಕಾವ್ಯವೆಂದು ಹಳಿದಿದ್ದರು. ಗಂಡಸು ಬರೆದರೆ ಸಲ್ಲುವುದು ಹೆಂಗಸು ಬರೆದರೆ ಏಕೆ ಸಲ್ಲದು ಎಂಬುದು ನಾಗರತ್ನಮ್ಮನವರ ನೇರ ವಾದ. ಬ್ರಿಟಿಷ್ ಸರಕಾರ ಪುಸ್ತಕವನ್ನು ಅಶ್ಲೀಲವೆಂದು ನಿಷೇಧಿಸಿತು. ಟಂಗುಟೂರಿ ಪ್ರಕಾಶಂ ಅವರ ಪ್ರಯತ್ನದಿಂದ ಆ ನಿಷೇಧ ತೆರವಾದದ್ದು 1940ರ ದಶಕದ ಉತ್ತರಾರ್ಧದಲ್ಲಿ. ಈ ಪ್ರಸಂಗವನ್ನು ಇಲ್ಲಿ ನೆನೆಯಲು ಕಾರಣವಿದೆ. ಮರೆತುಹೋದುದನ್ನು ಹುಡುಕಿ ಎತ್ತಿ ನಿಲ್ಲಿಸುವುದು, ಮತ್ತು ಹೆಣ್ಣಿಗೆ ಒಂದು, ಗಂಡಿಗೆ ಒಂದು ಎಂಬ ನ್ಯಾಯವನ್ನು ಒಪ್ಪದಿರುವುದು, ಈ ಎರಡೂ ಗುಣಗಳು ಮುಂದೆ ತಿರುವೈಯಾರಿನಲ್ಲಿ ಮತ್ತೆ ಕಾಣಿಸಿಕೊಳ್ಳುತ್ತವೆ.

1921ರಲ್ಲಿ ಮೈಸೂರಿನಿಂದ ಒಂದು ಕಾಗದ ಬಂತು. ಬರೆದವರು ನಾಗರತ್ನಮ್ಮನವರು ಗುರುವೆಂದು ಗೌರವಿಸುತ್ತಿದ್ದ ಬಿಡಾರಂ ಕೃಷ್ಣಪ್ಪನವರು. ಮೈಸೂರು ಆಸ್ಥಾನದ ಆ ಹಿರಿಯ ಗಾಯಕರು ದೇವರನಾಮಗಳನ್ನು ಕಚೇರಿಯ ವೇದಿಕೆಗೆ ತಂದವರು, ಪಿಟೀಲು ಚೌಡಯ್ಯನವರ ಗುರು. ತಮ್ಮ ಸಂಪಾದನೆಯನ್ನೆಲ್ಲ ಸುರಿದು ಮೈಸೂರಿನಲ್ಲಿ ರಾಮಮಂದಿರವೊಂದನ್ನು ಕಟ್ಟಿಸಿದವರು. ತಿರುವೈಯಾರಿಗೆ ಹೋಗಿದ್ದ ಅವರು ತ್ಯಾಗರಾಜರ ಸಮಾಧಿ ಹಾಳುಬಿದ್ದಿರುವುದನ್ನು ಕಂಡು ನೊಂದು, ಅದಕ್ಕೆ ಏನಾದರೂ ಮಾಡಬೇಕೆಂದು ಶಿಷ್ಯೆಗೆ ಬರೆದರು. ಪಕ್ಷಗಳೆರಡೂ ವರ್ಷವರ್ಷವೂ ಉತ್ಸವ ಮಾಡುತ್ತಿದ್ದರೂ ಸಮಾಧಿಯ ಸ್ಥಿತಿ ಸುಧಾರಿಸಿರಲಿಲ್ಲ. ಉತ್ಸವಕ್ಕೆ ಜನ ಸೇರುವುದು ಸುಲಭ, ಉತ್ಸವ ಮುಗಿದ ಮೇಲಿನ 360 ದಿನ ಜಾಗವನ್ನು ನೋಡಿಕೊಳ್ಳುವುದು ಕಷ್ಟ.

ಆಗ ನಾಗರತ್ನಮ್ಮನವರಿಗೆ 43 ತುಂಬುವುದರಲ್ಲಿತ್ತು. ಅಂದಿನ ಕಾಲಮಾನದಲ್ಲಿ, ಅದರಲ್ಲೂ ವೇದಿಕೆಯ ಕಲಾವಿದೆಗೆ, ಅದು ಸಂಪಾದಿಸಿದ್ದನ್ನು ಭದ್ರಪಡಿಸಿಕೊಂಡು ವಿಶ್ರಮಿಸುವ ವಯಸ್ಸು. ಮಕ್ಕಳಿಲ್ಲದ, ವೃದ್ಧಾಪ್ಯಕ್ಕೆ ಆಸರೆಯೆಂದರೆ ಒಡವೆ ವಸ್ತುಗಳೇ ಆಗಿದ್ದ ಹೆಂಗಸಿಗಂತೂ ಅದು ವಿವೇಕದ ದಾರಿಯೇ ಆಗಿತ್ತು. ಅವರು ಮಾಡಿದ್ದು ಅದಕ್ಕೆ ವಿರುದ್ಧ. ಸಮಾಧಿಯ ಜಾಗವನ್ನು ಪಡೆದುಕೊಂಡು 1921ರ ಅಕ್ಟೋಬರ್ 27ರಂದು ಗುಡಿಗೆ ಅಸ್ತಿಭಾರ ಹಾಕಿಸಿದರು. ಹಣಕ್ಕಾಗಿ ಒಡವೆಗಳನ್ನೂ ಆಸ್ತಿಯನ್ನೂ ಮಾರಿದರು. ಕಚೇರಿಗಳ ಸಂಭಾವನೆಯೂ ಅಲ್ಲಿಗೇ ಸಂದಿತು. ನಾಲ್ಕು ವರ್ಷಗಳಿಗೂ ಮಿಕ್ಕಿದ ದುಡಿಮೆಯ ಮೇಲೆ 1926ರ ಜನವರಿ 7ರಂದು ಕುಂಭಾಭಿಷೇಕ ನಡೆಯಿತು. ಸಮಾಧಿಯ ಮುಂದೆ ತ್ಯಾಗರಾಜರ ಮೂರ್ತಿ, ನಿತ್ಯಪೂಜೆಯ ಏರ್ಪಾಡು, ಎಲ್ಲವೂ ಸಿದ್ಧವಾದವು. ತ್ಯಾಗರಾಜರನ್ನು ಕುರಿತು ಸಂಸ್ಕೃತದಲ್ಲಿ ಅಷ್ಟೋತ್ತರ ಶತನಾಮಾವಳಿಯನ್ನೂ ಅವರೇ ರಚಿಸಿದರು. ಯಾವ ಸಂಸ್ಥಾನದ ಖಜಾನೆಯೂ ಮಾಡದ ಕೆಲಸವನ್ನು ಹಾಡಿ ಗಳಿಸಿದ ಹಣದಿಂದ ಒಬ್ಬ ಹೆಣ್ಣುಮಗಳು ಮಾಡಿ ಮುಗಿಸಿದ್ದರು.

ಗುಡಿ ಎದ್ದಿತು, ಆದರೆ ಪದ್ಧತಿ ಬದಲಾಗಲಿಲ್ಲ. ತಾನೇ ಕಟ್ಟಿಸಿದ ಗುಡಿಯ ಮುಂದೆ, ಆರಾಧನೆಯ ಉತ್ಸವದಲ್ಲಿ, ನಾಗರತ್ನಮ್ಮನವರಿಗೆ ಹಾಡಲು ಅವಕಾಶವಿರಲಿಲ್ಲ. ಹೆಣ್ಣಿನ ಹಣ ಬೇಕು, ದನಿ ಬೇಡ. ಕೈಗೆ ಕೆಲಸ ಕೊಡಬಹುದು, ಸಾಲಿನಲ್ಲಿ ಜಾಗ ಕೊಡಲಾಗದು. ಇದು ಇತಿಹಾಸದಲ್ಲಿ ಒಂದೇ ಒಂದು ಬಾರಿ ನಡೆದ ಅನ್ಯಾಯವೇನೂ ಅಲ್ಲ. ಸೇವೆ ಎಂಬ ಮಾತಿನ ಹಿಂದೆ ಬಹಳ ಕಡೆಗಳಲ್ಲಿ ಅಡಗಿರುವ ಅನ್ಯಾಯವೇ ಇದು. ಇಂಥ ಸಂದರ್ಭದಲ್ಲಿ ಇಬ್ಬಗೆಯ ಪ್ರತಿಕ್ರಿಯೆಗಳು ಸಹಜ. ಒಂದು, ಮನನೊಂದು ದೂರ ಸರಿಯುವುದು. ಇನ್ನೊಂದು, ಬೇಲಿಯ ಹೊರಗೆ ನಿಂತು ಜಗಳವಾಡುವುದು. ನಾಗರತ್ನಮ್ಮನವರು ಮೂರನೆಯದನ್ನು ಆರಿಸಿಕೊಂಡರು. 1927ರಲ್ಲಿ ಹೆಂಗಸರದೇ ಒಂದು ಪಕ್ಷವನ್ನು ಕಟ್ಟಿ, ಗುಡಿಯ ಹಿಂಭಾಗದಲ್ಲಿ ಅವರದೇ ಆರಾಧನೆಯನ್ನು ಆರಂಭಿಸಿದರು. ಜನ ಅದನ್ನು ‘ಪೆಣ್ಗಳ್ ಕಟ್ಚಿ’, ಹೆಂಗಸರ ಪಕ್ಷ, ಎಂದರು. ಮುಂದೆ ಗಂಡಸರು ಹಾಡುತ್ತಿದ್ದರೆ ಹಿಂದೆ ಹೆಂಗಸರು ಹಾಡಿದರು, ಹರಿಕತೆಯೂ ನಡೆಯಿತು. ನಾದಕ್ಕೆ ಗೋಡೆಯ ಹಂಗೇನಿದೆ? ಮೂರ್ತಿ ಯಾವ ದಿಕ್ಕಿಗೆ ಮುಖ ಮಾಡಿದ್ದರೂ ಎರಡೂ ಕಡೆಯ ಹಾಡು ಒಳಗಿದ್ದವರಿಗೆ ಕೇಳಿಸಿಯೇ ಕೇಳಿಸಿತು.

ಈ ಹೆಂಗಸರು ಯಾರು ಎಂಬುದನ್ನು ಮರೆಯುವಂತಿಲ್ಲ. ಅಂದು ಸಾರ್ವಜನಿಕವಾಗಿ ಹಾಡುತ್ತಿದ್ದ ಹೆಂಗಸರಲ್ಲಿ ಬಹುಪಾಲು ದೇವದಾಸಿ ಮನೆತನಗಳವರು. ಅದೇ ವರ್ಷಗಳಲ್ಲಿ ಮದರಾಸಿನ ಶಾಸನಸಭೆಯಲ್ಲಿ ಡಾ. ಮುತ್ತುಲಕ್ಷ್ಮಿ ರೆಡ್ಡಿ ಅವರು ದೇವದಾಸಿ ಪದ್ಧತಿಯನ್ನು ಕೊನೆಗಾಣಿಸುವ ಮಸೂದೆಗಾಗಿ ಶ್ರಮಿಸುತ್ತಿದ್ದರು. ಎಳೆಯ ಹೆಣ್ಣುಮಕ್ಕಳನ್ನು ಶೋಷಣೆಯಿಂದ ಪಾರು ಮಾಡಬೇಕೆಂಬ ಅವರ ಕಳಕಳಿ ಸಾಚಾ. ನಾಗರತ್ನಮ್ಮನವರು ತಮ್ಮ ಸಮುದಾಯದ ಇತರರೊಂದಿಗೆ ಸೇರಿ ಆ ಮಸೂದೆಯನ್ನು ವಿರೋಧಿಸಿದರು. ಕಲೆಯನ್ನೂ ವಿದ್ಯೆಯನ್ನೂ ತಲೆತಲಾಂತರದಿಂದ ಕಾಪಾಡಿದ ಹೆಂಗಸರನ್ನು ಒಂದೇ ಮಾತಿನಲ್ಲಿ ವೇಶ್ಯೆಯರೆಂದು ಕರೆಯುವುದನ್ನು ಅವರು ಒಪ್ಪಲಿಲ್ಲ. ಅಂತಿಮವಾಗಿ 1947ರಲ್ಲಿ ಮದರಾಸು ಪ್ರಾಂತದಲ್ಲಿ ಕಾಯಿದೆ ಬಂತು. ಇಬ್ಬರ ನಿಲುವಿನಲ್ಲೂ ಸತ್ಯವಿತ್ತೆಂದು ಇಂದು ದೂರ ನಿಂತು ನೋಡುವ ನಮಗೆ ಅನ್ನಿಸುತ್ತದೆ. ಪದ್ಧತಿ ಹೋಗಬೇಕಾಗಿತ್ತು, ಆದರೆ ಅದರೊಂದಿಗೆ ಆ ಹೆಂಗಸರ ವಿದ್ವತ್ತಿಗೆ ಸಲ್ಲಬೇಕಾದ ಗೌರವವೂ ಹೋಯಿತು. ಮುಂದೆ ವೇದಿಕೆ ಏರಿದ ಗೃಹಸ್ಥ ಮನೆತನಗಳ ಹೆಣ್ಣುಮಕ್ಕಳಿಗೆ ಬಾಗಿಲು ತೆರೆದುಕೊಟ್ಟವರು, ತಾವು ಮಾತ್ರ ಆ ಬಾಗಿಲಿನಿಂದ ಮೆಲ್ಲನೆ ಹೊರಗಾದರು.

1930ರ ದಶಕದುದ್ದಕ್ಕೂ ತಿರುವೈಯಾರಿನಲ್ಲಿ ಮೂರು ಪಕ್ಷಗಳ ಮೂರು ಆರಾಧನೆಗಳು ನಡೆದವು. ಈ ಒಡಕನ್ನು ಮುಚ್ಚಬೇಕೆಂದು ಮುಂದೆ ಬಂದವರಲ್ಲಿ ಪ್ರಮುಖರು ಗಾಯಕ ಮುಸಿರಿ ಸುಬ್ರಹ್ಮಣ್ಯ ಅಯ್ಯರ್ ಮತ್ತು ಐ.ಸಿ.ಎಸ್. ಅಧಿಕಾರಿ ಎಸ್. ವೈ. ಕೃಷ್ಣಸ್ವಾಮಿ ಅವರು. ಮಾತುಕತೆಗಳ ಫಲವಾಗಿ 1940ರಲ್ಲಿ ಪಕ್ಷಗಳು ಒಂದಾದವು; ತ್ಯಾಗಬ್ರಹ್ಮ ಮಹೋತ್ಸವ ಸಭೆ ಆರಾಧನೆಯ ಹೊಣೆ ಹೊತ್ತಿತು. ನಾಗರತ್ನಮ್ಮನವರ ಒಪ್ಪಿಗೆಯಿಲ್ಲದೆ ಇದು ಆಗುವಂತಿರಲಿಲ್ಲ. ಅವರಿಗಾಗ 61. ತಾನು ಕಟ್ಟಿ ಬೆಳೆಸಿದ ಪ್ರತ್ಯೇಕ ಉತ್ಸವವನ್ನು ಬಿಟ್ಟುಕೊಟ್ಟು ಅವರು ಪಡೆದದ್ದು ಒಂದೇ: ಇನ್ನು ಮುಂದೆ ಹೆಂಗಸರೂ ಸಮಾಧಿಯ ಮುಂದೆ, ಗಂಡಸರ ಜೊತೆಯಲ್ಲಿ, ಹಾಡಬಹುದು.

ಎಲ್ಲರೂ ಒಂದೇ ಸಮಯದಲ್ಲಿ ಹಾಡಬೇಕೆಂದರೆ ಏನನ್ನು ಹಾಡಬೇಕು? ಕಚೇರಿಯ ರಾಗಾಲಾಪನೆ, ಕಲ್ಪನಾಸ್ವರಗಳು ಒಬ್ಬೊಬ್ಬರ ಪ್ರತಿಭೆಗೆ ಮೀಸಲು. ಅವುಗಳಲ್ಲಿ ಹೆಚ್ಚು ಕಡಿಮೆ ಎಂಬುದು ತಪ್ಪಿದ್ದಲ್ಲ. ಆಯ್ಕೆ ಬಿದ್ದದ್ದು ನಾಟ, ಗೌಳ, ಆರಭಿ, ವರಾಳಿ, ಶ್ರೀ ಎಂಬ ಐದು ಘನರಾಗಗಳ ಪಂಚರತ್ನ ಕೃತಿಗಳ ಮೇಲೆ. ಮೊದಲನೆಯದರ ಸಾಹಿತ್ಯ ಸಂಸ್ಕೃತ, ಉಳಿದವುಗಳದು ತೆಲುಗು, ಐದೂ ಆದಿತಾಳದಲ್ಲಿವೆ. ಚರಣಗಳ ಸ್ವರಗಳನ್ನು ಮೊದಲು ಹಾಡಿ, ಅದೇ ಧಾತುವಿಗೆ ಸಾಹಿತ್ಯವನ್ನು ಹಾಡುವ ಕ್ರಮ ಖಚಿತವಾಗಿದೆ. ಅದರಲ್ಲಿ ಸ್ವಂತದ ಮೆರುಗಿಗೆ ಎಡೆ ಕಡಿಮೆ, ಸೇರಿ ಹಾಡುವುದಕ್ಕೆ ಎಡೆ ಹೆಚ್ಚು. ಹೆಸರಾಂತ ವಿದ್ವಾಂಸನಿಗೂ ನಿನ್ನೆ ಮೊನ್ನೆ ಕಲಿತ ಹುಡುಗಿಗೂ ಅಲ್ಲಿ ಒಂದೇ ಪಾಠ, ಒಂದೇ ಕಾಲಪ್ರಮಾಣ. ವರಾಳಿಯನ್ನು ಗುರು ಎದುರು ಕೂರಿಸಿಕೊಂಡು ಹೇಳಿಕೊಡಬಾರದೆಂಬ ಹಳೆಯ ನಂಬಿಕೆಯೊಂದಿದೆ. ಎಷ್ಟೋ ಜನ ಆ ಕೃತಿಯನ್ನು ಗೋಷ್ಠಿಯ ಹಿಂದಿನ ಸಾಲಿನಲ್ಲಿ ಕುಳಿತು, ಕೇಳಿ ಕೇಳಿಯೇ ಕಲಿತಿದ್ದಾರೆ. ತಿರುವೈಯಾರಿನಲ್ಲಿ ಹಾಡುವವರು ಸಂಭಾವನೆ ಪಡೆಯುವುದಿಲ್ಲ. ಆರಾಧನೆಯ ಮುಂಜಾನೆ ತ್ಯಾಗರಾಜರ ನೆನಪಿಗಾಗಿ ಉಂಛವೃತ್ತಿಯ ಭಜನೆ ಬೀದಿಗಳಲ್ಲಿ ಸಾಗುತ್ತದೆ. ಸಂಗೀತವನ್ನು ಮಾರದೆ ಹಂಚಿಕೊಂಡವರ ಊರಿನಲ್ಲಿ, ವರ್ಷಕ್ಕೊಮ್ಮೆಯಾದರೂ ಸಂಗೀತಗಾರರೆಲ್ಲ ಸ್ವಯಂಸೇವಕರಾಗುತ್ತಾರೆ. ನಮ್ಮ ನಮ್ಮ ನಗರಗಳ ಗೋಷ್ಠಿಗಳು ಅದರ ಪ್ರತಿಬಿಂಬಗಳು.

ನಾಗರತ್ನಮ್ಮನವರು ಕೊನೆಯ ವರ್ಷಗಳನ್ನು ತಿರುವೈಯಾರಿನಲ್ಲಿಯೇ ಕಳೆದರು. ಮದರಾಸಿನ ವೈಭವವನ್ನು ಕಂಡಿದ್ದ ‘ವಿದ್ಯಾಸುಂದರಿ’ ಅಲ್ಲಿ ಗುಡಿಯ ಸೇವಕಿಯಾಗಿ ಸರಳವಾಗಿ ಬದುಕಿದರು. ಮುಂದೆ ಅವರಿಗೆ ‘ತ್ಯಾಗಸೇವಾಸಕ್ತೆ’ ಎಂಬ ಬಿರುದು ಬಂತು. ಪಡೆದ ಬಿರುದುಗಳಲ್ಲೆಲ್ಲ ಬಹುಶಃ ಇದೇ ಅವರಿಗೆ ಹತ್ತಿರದ್ದು. 1949ರಲ್ಲಿ, 70ರ ವಯಸ್ಸಿನಲ್ಲಿ, ಉಳಿದ ಆಸ್ತಿಯನ್ನೆಲ್ಲ ಸಮಾಧಿಯ ಸೇವೆಗೆ ಮುಡಿಪಾಗಿಟ್ಟು ಉಯಿಲು ಬರೆದರು. ಅದರಲ್ಲಿ ಅವರು ಮರೆಯದೆ ಸೇರಿಸಿದ ಷರತ್ತು, ಹೆಂಗಸರು ಅಲ್ಲಿ ಹಾಡುವುದಕ್ಕೂ ಸೇವೆ ಸಲ್ಲಿಸುವುದಕ್ಕೂ ಅಡ್ಡಿಯಾಗಕೂಡದು ಎಂಬುದು. ಗೆದ್ದ ಹಕ್ಕನ್ನು ಜನರ ಒಳ್ಳೆಯತನವೊಂದಕ್ಕೇ ಬಿಟ್ಟುಬಿಡಬಾರದು, ಕಾಗದದ ಮೇಲೆ ಇರಿಸಬೇಕು ಎಂಬ ಲೋಕಾನುಭವ ಅವರಿಗಿತ್ತು. 1952ರ ಮೇ 19ರಂದು ಅವರು ತೀರಿಕೊಂಡರು. ತ್ಯಾಗರಾಜರ ಸಮಾಧಿಗೆ ಎದುರಾಗಿಯೇ ಅವರ ಸಮಾಧಿಯಾಯಿತು. ಅಲ್ಲಿ ಇಂದಿಗೂ ಕೈಮುಗಿದು ಕುಳಿತ ಅವರ ಪ್ರತಿಮೆ ಗುರುವಿನ ಗುಡಿಯನ್ನೇ ನೋಡುತ್ತಿದೆ. ಒಂದು ಕಾಲದಲ್ಲಿ ಹಿಂಬದಿಯಲ್ಲಿ ನಿಂತು ಹಾಡಬೇಕಾಗಿದ್ದ ಹೆಂಗಸು ಈಗ ಶಾಶ್ವತವಾಗಿ ಎದುರಿನಲ್ಲಿದ್ದಾರೆ.

ಮನಸ್ಸು ಎಳೆಯದಾಗಿರುವುದೆಂದರೇನು ಎಂದು ನಾವು ನಮ್ಮ ಬೈಠಕ್ಕುಗಳಲ್ಲಿ ಆಗಾಗ ಮಾತನಾಡಿದ್ದೇವೆ. ಉಲ್ಲಾಸದಿಂದ ಇರುವುದು, ನಗುನಗುತ್ತ ಕಾಲ ಕಳೆಯುವುದು ಎಂದು ಸಾಮಾನ್ಯವಾಗಿ ಹೇಳುತ್ತೇವೆ. ನಾಗರತ್ನಮ್ಮನವರ ಬದುಕಿನ ವರ್ಷಗಳನ್ನು ಸಾಲಾಗಿ ಇಟ್ಟು ನೋಡಿದರೆ ಬೇರೊಂದು ಅರ್ಥ ಹೊಳೆಯುತ್ತದೆ. 43ರ ಹೊಸ್ತಿಲಲ್ಲಿ ಹೊಸ ಕೆಲಸಕ್ಕೆ ಅಸ್ತಿಭಾರ. 48ರಲ್ಲಿ ಹೊಸ ಪಕ್ಷ. 61ರಲ್ಲಿ ಅದೇ ಪಕ್ಷವನ್ನು ಬಿಟ್ಟುಕೊಡುವ ಧೈರ್ಯ. 70ರಲ್ಲಿ ತಾನು ನೋಡದ ನಾಳೆಗಾಗಿ ಉಯಿಲು. ಮತ್ತೆ ಮತ್ತೆ ಆರಂಭಿಸಬಲ್ಲ ಶಕ್ತಿ, ಕಟ್ಟಿದ್ದನ್ನು ಹೊತ್ತು ಬಂದಾಗ ಬಿಡಬಲ್ಲ ಶಕ್ತಿ, ಇವೆರಡೂ ಇರುವವರೆಗೆ ಮನಸ್ಸಿಗೆ ಮುಪ್ಪಿಲ್ಲ. ಆ ಶಕ್ತಿ ಅವರಿಗೆ ಬಂದದ್ದು ಸಂಗೀತದಿಂದ ಎನ್ನುವುದು ಅರ್ಧ ಸತ್ಯ. ಅಂದಿನ ಎಷ್ಟೋ ಕಲಾವಿದರಿಗೆ ಸಂಗೀತವಿತ್ತು. ಸಂಗೀತವನ್ನು ತನ್ನಾಚೆಗಿನ ಒಂದು ಕೆಲಸಕ್ಕೆ ಕೊಟ್ಟುಬಿಟ್ಟದ್ದರಿಂದ ಬಂತು ಎನ್ನುವುದು ಪೂರ್ಣ ಸತ್ಯ.

ನಮ್ಮ ಗೋಷ್ಠಿಗಳಲ್ಲಿ ಇಂದು ಹೆಚ್ಚಿನವರು ಹೆಣ್ಣುಮಕ್ಕಳು. ಬಾಲ್ಯದಲ್ಲಿ ವರ್ಣದವರೆಗೆ ಕಲಿತು, ಮದುವೆಯಾಗಿ ಊರು ಬಿಟ್ಟು, ನೌಕರಿ ಸಂಸಾರಗಳ ನಡುವೆ ತಂಬೂರಿಯನ್ನು ಅಟ್ಟಕ್ಕೇರಿಸಿದ್ದವರು, ಅರವತ್ತರ ಮೇಲೆ ಮತ್ತೆ ಪುಸ್ತಕ ತೆರೆದು ಕುಳಿತಿದ್ದಾರೆ. ಮೊದಲ ದಿನ ದನಿ ನಡುಗುತ್ತದೆ. ಮೂರನೆಯ ವರ್ಷಕ್ಕೆ ಅವರೇ ಹೊಸಬರಿಗೆ ತಾಳ ತೋರಿಸುತ್ತಿರುತ್ತಾರೆ. ಅವರು ಕುಳಿತ ಆ ಮುಂದಿನ ಸಾಲು ತಾನಾಗಿ ಒದಗಿ ಬಂದದ್ದಲ್ಲ, ಒಬ್ಬ ಕನ್ನಡತಿ ತನ್ನ ಒಡವೆ ಮಾರಿ, ಹಟ ಹಿಡಿದು ದೊರಕಿಸಿಕೊಟ್ಟದ್ದು ಎಂಬುದನ್ನು ಗೋಷ್ಠಿಯ ಆರಂಭದಲ್ಲಿ ಎರಡು ಮಾತಿನಲ್ಲಾದರೂ ಹೇಳುವ ರೂಢಿಯನ್ನು ನಾವು ಬೆಳೆಸಿಕೊಳ್ಳಬೇಕು. ತ್ಯಾಗರಾಜರ ಪಟದ ಪಕ್ಕದಲ್ಲಿ ಅವರದೊಂದು ಪಟವಿದ್ದರೆ ಇನ್ನೂ ಉಚಿತ.

ಅದರ ಜೊತೆಗೆ ಒಂದು ಪ್ರಶ್ನೆಯನ್ನೂ ನಮಗೆ ನಾವೇ ಕೇಳಿಕೊಳ್ಳಬೇಕು. ನಮ್ಮ ಸಂಘಗಳಲ್ಲಿ ಇಂದು ಗುಡಿಯ ಹಿಂಬದಿಯಲ್ಲಿ ನಿಂತಿರುವವರು ಯಾರು? ವರ್ಷವರ್ಷವೂ ಅಡುಗೆಯ ಕೋಣೆಯಲ್ಲಿಯೇ ಗೋಷ್ಠಿಯನ್ನು ಕೇಳಿಸಿಕೊಳ್ಳುವವರು, ದೇಣಿಗೆಯ ಪಟ್ಟಿಯಲ್ಲಿ ಹೆಸರಿದ್ದರೂ ಕಾರ್ಯಕಾರಿ ಸಮಿತಿಯಲ್ಲಿ ಎಂದೂ ಇಲ್ಲದವರು, ಸಭಾಂಗಣವನ್ನು ಗುಡಿಸಿ ಒರೆಸಿ ಹೋಗುವವರು, ಶ್ರುತಿ ಸರಿಯಿಲ್ಲವೆಂದು ನಾವೇ ಹಿಂದಕ್ಕೆ ಸರಿಸಿದವರು. ಸೇವೆಗೆ ಕೈ ಬೇಕಾದಾಗ ಕರೆಯುವ ನಾವು ದನಿಗೂ ಕರೆಯುತ್ತೇವೆಯೇ? ನಾಗರತ್ನಮ್ಮನವರನ್ನು ನೆನೆಯುವುದೆಂದರೆ ಈ ಪ್ರಶ್ನೆಯನ್ನು ತಪ್ಪಿಸಿಕೊಳ್ಳದಿರುವುದು.

ನಂಜನಗೂಡಿನ ಪಕ್ಕದಲ್ಲಿ ಹರಿಯುವ ಕಪಿಲೆ ತಿರುಮಕೂಡಲಿನಲ್ಲಿ ಕಾವೇರಿಯನ್ನು ಸೇರುತ್ತಾಳೆ. ಅಲ್ಲಿಂದ ಮುಂದೆ ಅವಳಿಗೆ ಬೇರೆ ಹೆಸರಿ‌ಲ್ಲ. ಶಿವನಸಮುದ್ರ, ಹೊಗೇನಕಲ್, ಮೆಟ್ಟೂರುಗಳನ್ನು ದಾಟಿ ತಿರುವೈಯಾರನ್ನು ಮುಟ್ಟುವಾಗ ಅದು ಕಾವೇರಿಯ ನೀರು ಮಾತ್ರ. ಹೊರನಾಡಿಗೆ ಹೋಗಿ ಅಲ್ಲಿಯ ಜನರ ಕೆಲಸಕ್ಕೆ ಒದಗಿದವರ ಹೆಸರೂ ಹಲವೊಮ್ಮೆ ಹೀಗೆಯೇ ಕರಗಿಹೋಗುತ್ತದೆ. ನಾಗರತ್ನಮ್ಮನವರ ಹೆಸರು ಕರಗದೆ ಉಳಿದಿದೆ. ಮುಂದಿನ ಪುಷ್ಯ ಬಹುಳ ಪಂಚಮಿಯಂದು ನಾಟ ರಾಗದ ಮೊದಲ ಸ್ವರವನ್ನು ಎತ್ತಿಕೊಳ್ಳುವ ಮುನ್ನ ನಾವೆಲ್ಲ ಆ ಹೆಸರನ್ನು ಒಮ್ಮೆ ಹೇಳಿಕೊಳ್ಳೋಣ.